ಪತಂಗದ ಎಡ–ಬಲ

ರಾಮನಗರ, ಶಿಡ್ಲಘಟ್ಟಗಳ ಕಡೆಯ ಬಿತ್ತನೆ ಕೋಠಿಗಳನ್ನು ಕಂಡವರಿಗೆ ರೇಷ್ಮೆಯ ಗಂಡು ಪತಂಗದ ಪರಿಚಯ ಇದ್ದೇ ಇರುತ್ತದೆ. ಈ ಬಿಳಿಯ ಜೀವಿಗೆ ರೆಕ್ಕೆಗಳಿವೆ, ಆದರೆ ಹಾರಲು ಬಾರದು. ಸಾವಿರಾರು ವರ್ಷ ಮನುಷ್ಯನ ಆಶ್ರಯದಲ್ಲಿ ಬಾಳಿ ಆ ವಿದ್ಯೆಯನ್ನು ಕಳೆದುಕೊಂಡಿದೆ. ಅದರ ಕಾಡಿನ ನೆಂಟ ಇಂದಿಗೂ ಹಾರುತ್ತದೆ. ಗೂಡಿನಿಂದ ಹೊರಬಂದ ಮೇಲೆ ಅದು ಏನನ್ನೂ ಉಣ್ಣುವುದಿಲ್ಲ. ಉಳಿದ ಕೆಲವು ದಿನಗಳಲ್ಲಿ ಅದಕ್ಕಿರುವುದು ಒಂದೇ ಕೆಲಸ: ಹೆಣ್ಣನ್ನು ಹುಡುಕುವುದು. ರೆಕ್ಕೆಗಳನ್ನು ಪಟಪಟನೆ ಬಡಿಯುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತ ಅದು ನಡೆಯುವುದನ್ನು ನೋಡಿದರೆ ಅಮಲೇರಿದವನ ನಡಿಗೆ ನೆನಪಾದೀತು. ಆದರೆ ಆ ಹೊರಳಾಟದಲ್ಲಿ ಕಟ್ಟುನಿಟ್ಟಾದ ಒಂದು ಕ್ರಮವಿದೆ. ಆ ಕ್ರಮ ಯಾವುದು, ಅದನ್ನು ನಡೆಸುವ ಪುಟ್ಟ ಮಿದುಳಿನಲ್ಲಿ ಏನಾಗುತ್ತದೆ ಎಂಬುದೇ ಇಂದಿನ ನನ್ನ ವಿಷಯ.

ಹೆಣ್ಣು ಪತಂಗ ಗಾಳಿಗೆ ಬಿಡುವ ವಾಸನೆಯ ದ್ರವ್ಯವನ್ನು ಜರ್ಮನಿಯ ರಸಾಯನ ವಿಜ್ಞಾನಿ ಅಡಾಲ್ಫ್ ಬ್ಯೂಟೆನಾಂಟ್ ಮತ್ತು ಅವರ ಸಂಗಡಿಗರು 1959ರಲ್ಲಿ ಗುರುತಿಸಿದರು. ಅದಕ್ಕಾಗಿ ಸುಮಾರು 5 ಲಕ್ಷ ಹೆಣ್ಣು ಪತಂಗಗಳ ಗ್ರಂಥಿಗಳು ಬೇಕಾದವು. ಇಪ್ಪತ್ತು ವರ್ಷಗಳಷ್ಟು ದುಡಿಮೆ ಬೇಕಾಯಿತು. ದ್ರವ್ಯಕ್ಕೆ ಬಾಂಬಿಕಾಲ್ ಎಂದು ಹೆಸರಿಟ್ಟರು.

ವಾಸನೆ ಹೆಚ್ಚಾಗುವ ಕಡೆಗೆ ನಡೆದರೆ ಹೆಣ್ಣು ಸಿಕ್ಕೀತು, ಇದರಲ್ಲೇನು ದೊಡ್ಡದು ಎಂದು ನೀವು ಕೇಳಬಹುದು. ದೇವರ ಮುಂದೆ ಹಚ್ಚಿಟ್ಟ ಊದುಬತ್ತಿಯ ಹೊಗೆಯನ್ನು ಗಮನಿಸಿ. ಬತ್ತಿಯ ತುದಿಯಲ್ಲಿ ಅದು ನೇರವಾದ ಒಂದು ಗೆರೆ. ಸ್ವಲ್ಪ ಮೇಲೇರಿತೋ, ಸುಳಿಸುಳಿಯಾಗಿ ಒಡೆದು ಎಳೆಎಳೆಯಾಗುತ್ತದೆ. ಎಳೆಗಳ ನಡುವೆ ಬರಿಯ ಗಾಳಿ. ಹೆಣ್ಣಿನ ವಾಸನೆಯೂ ಹೀಗೆಯೇ ಹರಿದು ಚೂರಾಗಿ ಬರುತ್ತದೆ. ಈ ಕ್ಷಣ ಇದೆ, ಮರುಕ್ಷಣ ಇಲ್ಲ. ಏರುತ್ತ ಹೋಗಲು ಇಲ್ಲಿ ಮೆಟ್ಟಿಲುಗಳೇ ಇಲ್ಲ.

ಪತಂಗ ಕಂಡುಕೊಂಡ ಉಪಾಯ ಇದು. ವಾಸನೆಯ ಎಳೆಯೊಂದು ಕುಡಿಮೀಸೆಗೆ ತಾಗಿದೊಡನೆ ಅದು ನೆಟ್ಟಗೆ ಮುನ್ನಡೆಯುತ್ತದೆ. ಎಳೆ ತಪ್ಪಿತೋ, ಎಡಕ್ಕೆ ಬಲಕ್ಕೆ ತಿರುಗತೊಡಗುತ್ತದೆ; ಒಂದೊಂದು ತಿರುವೂ ಹಿಂದಿನದಕ್ಕಿಂತ ಅಗಲ. ಆಗಲೂ ಸಿಗದಿದ್ದರೆ ಸುತ್ತು ಹೊಡೆಯುತ್ತದೆ. ಈ ನಡುವೆ ಎಲ್ಲೇ ಆಗಲಿ ಹೊಸ ಎಳೆ ತಾಗಿದರೆ ಅಷ್ಟನ್ನೂ ಕೈಬಿಟ್ಟು ಮತ್ತೆ ಮೊದಲಿನಿಂದ ಆರಂಭ. ಎಳೆಗಳು ಒತ್ತಾಗಿ ಬರುವೆಡೆ ಹಾದಿ ತಾನಾಗಿ ನೇರವಾಗುತ್ತದೆ, ವಿರಳವಾದೆಡೆ ಅಂಕುಡೊಂಕಾಗುತ್ತದೆ.

ಹಾರುವ ಪತಂಗಗಳದೂ ಹೆಚ್ಚುಕಡಿಮೆ ಇದೇ ನೀತಿ. ಎಳೆ ತಪ್ಪಿದಾಗ ಅವು ಗಾಳಿಗೆ ಅಡ್ಡಡ್ಡವಾಗಿ ಆಚೀಚೆ ಬೀಸಿ ಹಾರುತ್ತವೆ. ಆದರೆ ಅವಕ್ಕೆ ಇನ್ನೊಂದು ತೊಡಕುಂಟು. ಹೊಳೆಯ ನಡುವೆ ತೇಲುವ ದೋಣಿಯಲ್ಲಿ ಕಣ್ಣು ಮುಚ್ಚಿ ಕುಳಿತವನಿಗೆ ನೀರು ಯಾವ ಕಡೆಗೆ ಹರಿಯುತ್ತಿದೆ ಎಂಬುದು ತಿಳಿಯುವುದೆ? ಗಾಳಿಯೊಡನೆ ತೇಲುವ ಕೀಟಕ್ಕೂ ಗಾಳಿಯ ದಿಕ್ಕು ಮೈಗೆ ತಿಳಿಯದು. 1974ರಲ್ಲಿ ಕೆನಡಿ ಮತ್ತು ಮಾರ್ಷ್ ಎಂಬ ವಿಜ್ಞಾನಿಗಳು, ಹಿಟ್ಟು ಕಾಳುಗಳಲ್ಲಿ ಬೆಳೆಯುವ ಪತಂಗಗಳನ್ನು ಗಾಳಿಯ ಸುರಂಗದಲ್ಲಿ ಹಾರಿಸಿ, ಕೆಳಗಿನ ನೆಲದ ಚಿತ್ತಾರವನ್ನು ಸರಿಸಿ ನೋಡಿದರು. ನೆಲ ಸರಿದಂತೆ ಪತಂಗಗಳ ಹಾರಾಟವೂ ಬದಲಾಯಿತು. ಮೂಗು ಹೊರಡಿಸಿದ ಪಯಣಕ್ಕೆ ಕಣ್ಣು ದಿಕ್ಕು ತೋರುತ್ತಿತ್ತು!

ಇನ್ನು ಮಿದುಳಿನ ಮಾತು. 1983ರಲ್ಲಿ ರಾಬರ್ಟ್ ಓಲ್ಬರ್ಗ್ ರೇಷ್ಮೆ ಪತಂಗದ ನರಹುರಿಯಲ್ಲಿ ವಿಚಿತ್ರವಾದ ಕೆಲವು ನರಕೋಶಗಳನ್ನು ವರ್ಣಿಸಿದರು. ವಾಸನೆ ಒಮ್ಮೆ ಸೋಕಿದರೆ ಕೋಶದ ಮಿಡಿತ ಏರುತ್ತದೆ. ವಾಸನೆ ಹೋದರೂ ಏರಿದಂತೆಯೇ ನಿಲ್ಲುತ್ತದೆ. ಇನ್ನೊಮ್ಮೆ ಸೋಕಿದರೆ ಇಳಿಯುತ್ತದೆ. ಒಮ್ಮೆ ಒತ್ತಿದರೆ ಹತ್ತಿ, ಮತ್ತೊಮ್ಮೆ ಒತ್ತಿದರೆ ಆರುವ ದೀಪದ ಗುಂಡಿಯಂತೆ. ಎಡದ ಕೋಶ ಏರಿದಾಗ ಬಲದ್ದು ಇಳಿದಿರುತ್ತದೆ. ವಿದ್ಯುನ್ಮಾನ ಶಾಸ್ತ್ರದ ಫ್ಲಿಪ್-ಫ್ಲಾಪ್ ಎಂಬ ಹೆಸರೇ ಇವಕ್ಕೂ ಬಂತು. ಮುಂದೆ ಜಪಾನಿನ ರ‍್ಯೋಹೈ ಕಾನ್‌ಜಾಕಿ ಮತ್ತವರ ಬಳಗ ಇದರ ಜಾಡನ್ನು ಮಿದುಳಿನ ಒಳಗೇ ಹಿಡಿದರು. ಅಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಹಾಲೆಗಳಿವೆ. ಒಂದರಿಂದ ಇನ್ನೊಂದಕ್ಕೆ ಹಾದ ಕೋಶಗಳಲ್ಲಿ ಕೆಲವು ಎದುರು ಬದಿಯನ್ನು ಅದುಮಿ ಹಿಡಿಯುತ್ತವೆ. ಒಂದು ಎದ್ದರೆ ಇನ್ನೊಂದು ತಗ್ಗಬೇಕು. ಅದಕ್ಕೆ ತಕ್ಕಂತೆ ಕತ್ತು ಹೊರಳುತ್ತದೆ, ಮೈಯೂ ತಿರುಗುತ್ತದೆ.

ನನ್ನನ್ನು ಬೆರಗುಗೊಳಿಸುವುದು ಈ ನೆನಪಿನ ಬಡತನ. ಹೆಣ್ಣು ಎಲ್ಲಿದ್ದಾಳೆ ಎಂಬ ನಕ್ಷೆ ಈ ಕೋಶಗಳಲ್ಲಿಲ್ಲ, ನಡೆದ ದೂರದ ಲೆಕ್ಕವಿಲ್ಲ. ಈಗಿನ ಸರದಿ ಎಡದ್ದೋ ಬಲದ್ದೋ ಎಂಬುದಷ್ಟೇ ಇದೆ. ನಮ್ಮ ಎತ್ತಿನ ಗಾಣಕ್ಕೆ ಅಷ್ಟೂ ಬೇಕಿಲ್ಲವೆನ್ನಿ, ಅದು ಒಂದೇ ಕಡೆಗೆ ಸುತ್ತುತ್ತದೆ.

ಕಾನ್‌ಜಾಕಿಯವರ ಬಳಗ ಟೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಇನ್ನೊಂದು ಸಾಹಸ ಮಾಡಿತು. ಹಗುರವಾದ ಚೆಂಡೊಂದರ ಮೇಲೆ ಗಂಡು ಪತಂಗವನ್ನು ನಿಲ್ಲಿಸಿ, ಅದರ ಕಾಲು ಚೆಂಡನ್ನು ಉರುಳಿಸಿದಂತೆ ಎರಡು ಗಾಲಿಯ ಬಂಡಿ ಚಲಿಸುವ ಹಾಗೆ ಏರ್ಪಡಿಸಿದರು. ಸಾರಥಿ ವಾಸನೆಯ ಮೂಲಕ್ಕೆ ಬಂಡಿಯನ್ನು ಒಯ್ದು ಮುಟ್ಟಿಸಿತು. ಅನಿಲ ಸೋರುವ ತಾಣಗಳನ್ನು ಹುಡುಕುವ ಯಂತ್ರಗಳಿಗೆ ಇದರಿಂದ ಪಾಠ ದೊರೆತೀತೆಂಬುದು ಅವರ ಆಸೆ. 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರು ಬಂಡಿಯನ್ನೇ ಕೆಡಿಸಿ ನೋಡಿದರು. ಪತಂಗ ನೆಟ್ಟಗೆ ನಡೆದರೂ ಬಂಡಿ ಒಂದು ಪಕ್ಕಕ್ಕೆ ಎಳೆಯಬೇಕು, ಹಾಗೆ. ಪತಂಗ ಎದುರು ದಿಕ್ಕಿಗೆ ತಿರುಗಿ ತಿರುಗಿ ಆ ಎಳೆತವನ್ನು ಸರಿದೂಗಿಸಿಕೊಂಡು, ಮತ್ತೆ ವಾಸನೆಯ ಮೂಲವನ್ನೇ ಸೇರಿತು.