ರೋಗಿಯ ಸಮ್ಮತಿಯೂ ವೈದ್ಯಲೇಖಗಳೂ

ಚಿಕಿತ್ಸಾಲಯದಲ್ಲಿರುವ ರೋಗಿಯ ಲೇಖಗಳನ್ನು ಪರರಿಗೆ ಕೊಡುವಾಗ ಯಾರ ಒಪ್ಪಿಗೆಯನ್ನು ಪಡೆಯತಕ್ಕುದೆಂಬ ಪ್ರಶ್ನೆಯು ಕೊಡಗಿನಲ್ಲಿ ಬರಿಯ ಶಾಸ್ತ್ರಚರ್ಚೆಯಲ್ಲ. ಮಡಿಕೇರಿಯಲ್ಲಿ 2016ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಸ್ಥಾಪಿತವಾಗಿದ್ದರೂ ಕಠಿನವ್ಯಾಧಿಗಳಿಗಾಗಿ ಮೈಸೂರು ಮಂಗಳೂರುಗಳಿಗೆ ಹೋಗುವವರು ಈಗಲೂ ಉಂಟು. ರೋಗಿಯು ಏಳಲಾರದಿರುವಾಗ ಹಿಂದಿನ ಕಾಗದಗಳನ್ನು ಕೇಳಬರುವವನು ಮಗನೋ, ಅಳಿಯನೋ, ಒಕ್ಕದ ಪಟ್ಟೆದಾರನೋ ಆಗಿರಬಹುದು. ಇವರಿಗೆ ಅಧಿಕಾರವೆಲ್ಲಿಂದ ಬಂದಿತು?

ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ಶಿಷ್ಯನಿಗೆ ಮಾಡುವ ಅನುಶಾಸನದೊಳಗೆ, ರೋಗಿಯ ಮನೆಯ ವೃತ್ತಾಂತವನ್ನು ವೈದ್ಯನು ಹೊರಗೆ ಹೇಳಕೂಡದೆಂದು ವಿಧಿಸಿದೆ. ಅಷ್ಟೇ ಅಲ್ಲ, ಆಯುಸ್ಸು ಕುಗ್ಗಿತೆಂದು ತಿಳಿದರೂ, ಹೇಳಿದರೆ ರೋಗಿಗಾಗಲಿ ಇತರರಿಗಾಗಲಿ ಆಘಾತವಾಗುವಲ್ಲಿ ಅದನ್ನು ಹೇಳಬಾರದೆಂದೂ ಇದೆ. ಅಂದರೆ ಗೋಪನವು ಕೆಲವೊಮ್ಮೆ ರೋಗಿಯಿಂದಲೇ ಗೋಪನವಾಯಿತು. ಇನ್ನು ಚಿಕಿತ್ಸಾಸ್ಥಾನದ ಉದರಪ್ರಕರಣದಲ್ಲಿ, ಫಲವು ಸಂಶಯಗ್ರಸ್ತವಾದ ಚಿಕಿತ್ಸೆಗೆ ಮುನ್ನ ಜ್ಞಾತಿಗಳು, ಮಿತ್ರರು, ಪತ್ನಿ, ಬ್ರಾಹ್ಮಣರು, ಅರಸ, ಗುರುಗಳು ಇವರ ಅನುಜ್ಞೆಯನ್ನು ಪಡೆಯಬೇಕೆಂದಿದೆ. ಆ ಪಟ್ಟಿಯಲ್ಲಿ ರೋಗಿಯೇ ಇಲ್ಲವೆಂಬುದು ಗಮನಾರ್ಹವು. ಪಟ್ಟೆದಾರನ ಮಾತೇ ಸಾಕೆಂಬ ಭಾವನೆಯು ಈ ಮತಕ್ಕೆ ಸಮೀಪವಾದುದು.

ಅನುಜ್ಞೆಯೂ ಸಮ್ಮತಿಯೂ ಒಂದೇ ಅಲ್ಲ. ಅನುಜ್ಞೆಯನ್ನು ಹಿರಿಯನು ಕೊಡುವನು. ಸಮ್ಮತಿಯಲ್ಲಾದರೋ ಮನನಾರ್ಥದ ಧಾತುವಿದೆ, ತಿಳಿಯದವನು ಸಮ್ಮತಿಸಲಾರನು. ಈಗಿನ ಶಾಸನವು ಎರಡನೆಯದನ್ನೇ ಹಿಡಿದಿದೆ. ಭಾರತೀಯ ವೈದ್ಯಪರಿಷತ್ತಿನ 2002ರ ನಿಯಮಗಳಂತೆ ಒಳರೋಗಿಯ ಲೇಖಗಳನ್ನು ಚಿಕಿತ್ಸೆ ತೊಡಗಿದಂದಿನಿಂದ 3 ವರ್ಷ ಕಾಪಾಡತಕ್ಕುದು. ರೋಗಿಯಾಗಲಿ, ಅಧಿಕೃತ ಸಹಾಯಕನಾಗಲಿ, ನ್ಯಾಯಾಧಿಕಾರಿಗಳಾಗಲಿ ಕೇಳಿದರೆ 72 ಗಂಟೆಗಳೊಳಗೆ ಕೊಡತಕ್ಕುದು. ಇಲ್ಲಿ 'ಅಧಿಕೃತ' ಎಂಬ ವಿಶೇಷಣವೇ ಮುಖ್ಯವು. ರಕ್ತಸಂಬಂಧವು ತಾನಾಗಿಯೇ ಅಧಿಕಾರಪತ್ರವಾಗದು. ಆದಕಾರಣ ಯಾವ ಲೇಖ, ಯಾರಿಗೆ, ಯಾವ ಪ್ರಯೋಜನಕ್ಕೆ ಎಂಬ ಮೂರನ್ನೂ ಬರೆದು ರೋಗಿಯು ರುಜು ಹಾಕಿದ ಪತ್ರವನ್ನು ಮಗನೂ ತರುವುದು ಯುಕ್ತ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಗೋಪ್ಯತೆಯನ್ನು ಮೂಲಭೂತ ಹಕ್ಕೆಂದು ನಿರ್ಣಯಿಸಿತು. ಅಂಕೀಯ ವೈಯಕ್ತಿಕ ದತ್ತಾಂಶಗಳ ರಕ್ಷಣೆಗಾಗಿ ಆದ 2023ರ ಅಧಿನಿಯಮವು ಸಮ್ಮತಿಯು ಸ್ವತಂತ್ರವೂ ನಿರ್ದಿಷ್ಟವೂ ಜ್ಞಾನಪೂರ್ವಕವೂ ಆಗಿರಬೇಕೆಂದೂ, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆಯಲು ಬರಬೇಕೆಂದೂ ಲಕ್ಷಣ ಹೇಳಿದೆ. ಪ್ರಾಣಾಪಾಯದ ತುರ್ತಿಗೆ ಅಪವಾದವಿದೆ.

ಅದೇ ಅಧಿನಿಯಮದಂತೆ ಸಮ್ಮತಿಯ ಕೋರಿಕೆಯು ಇಂಗ್ಲೀಷಿನಲ್ಲಾಗಲಿ ಸಂವಿಧಾನದ 8ನೆಯ ಅನುಸೂಚಿಯ ಭಾಷೆಯೊಂದರಲ್ಲಾಗಲಿ ದೊರೆಯಬೇಕು. ಕನ್ನಡವು ಅಲ್ಲಿದೆ, ಕೊಡವ ತಕ್ಕ್ ಇಲ್ಲ. ಅದನ್ನೇ ಆಡುವ ವೃದ್ಧರಿಗೆ ಪತ್ರದ ಅರ್ಥವನ್ನು ಬಾಯಿಮಾತಿನಲ್ಲಿ ತಿಳಿಸುವ ಭಾರವು ರುಜುವನ್ನು ಕೇಳುವವರ ಮೇಲೆಯೇ ಬೀಳುತ್ತದೆ.