ಆಟದ ಊರೂ ಮಗ್ಗದ ಊರೂ

ಮಕ್ಕಳ ಒತ್ತಾಯಕ್ಕೆ ಮಣಿದು ನಾವೂ ಒಂದು ಸಂಜೆ ಗಣಕಯಂತ್ರದಲ್ಲಿ ನಗರ ಕಟ್ಟುವ ಆಟಕ್ಕೆ ಕುಳಿತೆವು. ಅಮೆರಿಕದ ವಿಲ್ ರೈಟ್ ಎಂಬವರು ರಚಿಸಿದ, 1989ರಲ್ಲಿ ಹೊರಬಂದ ‘ಸಿಮ್‌ಸಿಟಿ’ಯಿದು. ಇಲ್ಲಿ ಆಟಗಾರನೇ ಪುರಾಧ್ಯಕ್ಷನು. ಮನೆ, ಅಂಗಡಿ, ಕಾರ್ಖಾನೆಗಳಿಗೆ ಬೇರೆ ಬೇರೆ ನೆಲವನ್ನು ಗೊತ್ತುಪಡಿಸಿ, ರಸ್ತೆ, ವಿದ್ಯುತ್ತುಗಳನ್ನು ಒದಗಿಸಬೇಕು. ಮನೆಗಳ ಮಗ್ಗುಲಲ್ಲಿ ಕಾರ್ಖಾನೆಯಿಟ್ಟರೆ ಹೊಗೆಯಿಂದ ನೆಲದ ಬೆಲೆ ಇಳಿಯುವುದು.

ಆಗ ನಮಗೆ ರಬಕವಿ-ಬನಹಟ್ಟಿಯ ನೆನಪಾಯಿತು. ಅಲ್ಲಿ ಎಷ್ಟೋ ನೇಕಾರರಿಗೆ ಮನೆಯೇ ಕಾರ್ಖಾನೆ. ಒಂದೇ ಸೂರಿನಡಿ ಒಲೆಯೂ ಉರಿಯುವುದು, ಮಗ್ಗವೂ ಆಡುವುದು. ಹೆಂಗಸರು ಅಡಿಗೆಯ ನಡುವೆ ಕಂಡಿಕೆ ಸುತ್ತುವರು. ಮಗ್ಗದ ಸದ್ದು ತೊಟ್ಟಿಲಿಗೆ ಹಿತವಲ್ಲವೆಂಬುದು ದಿಟವೇ. ಆದರೆ ಮಗ್ಗವನ್ನು ಊರಾಚೆ ಸಾಗಿಸಿದರೆ ಆ ಕೈಗಳ ದುಡಿಮೆಯೂ ಮನೆಬಿಟ್ಟು ಹೋಗುವುದಲ್ಲವೆ? ಊರಿನ ನಕ್ಷೆ ಬರೆಯುವವರು ಮೊದಲು ಮನೆಯ ಹೊಸ್ತಿಲು ದಾಟಿ ನೋಡುವುದು ಲೇಸು.