ಮನಸ್ಸಿಗಿಂತ ಮೊದಲು ಎದ್ದ ಮೈ

ಖಿನ್ನತೆಗೆ ಸಿಲುಕಿದವರನ್ನು ಮೇಲೆತ್ತಬೇಕಾದರೆ ಅವರ ಯೋಚನೆಗಳನ್ನು ತಿದ್ದಬೇಕು ಎಂಬ ನಂಬಿಕೆ 1990ರ ದಶಕದ ಹೊತ್ತಿಗೆ ಅಮೆರಿಕದ ಮನಶ್ಶಾಸ್ತ್ರಜ್ಞರಲ್ಲಿ ಗಟ್ಟಿಯಾಗಿತ್ತು. ಫಿಲಡೆಲ್ಫಿಯಾದ ಆರನ್ ಬೆಕ್ ರೂಪಿಸಿದ್ದ ಕಾಗ್ನಿಟಿವ್ ಥೆರಪಿ ಮೂರು ಅಂತಸ್ತಿನ ಮನೆಯಂತಿತ್ತು. ನೆಲದ ಮಟ್ಟದಲ್ಲಿ ದಿನಚರಿ: ಹೊತ್ತಿಗೆ ಸರಿಯಾಗಿ ಏಳುವುದು, ಬಿದ್ದ ಪಾತ್ರೆ ತೊಳೆಯುವುದು, ಗೆಳೆಯರಿಗೆ ಫೋನ್ ಮಾಡುವುದು. ಅದರ ಮೇಲೆ, ತಲೆಯಲ್ಲಿ ತಾನಾಗಿ ಏಳುವ ಕರಾಳ ಯೋಚನೆಗಳನ್ನು ಪ್ರಶ್ನಿಸುವ ಅಭ್ಯಾಸ. ಎಲ್ಲಕ್ಕೂ ಮೇಲೆ, ‘ನಾನು ಯಾವುದಕ್ಕೂ ಬಾರದವನು’ ಎಂಬಂಥ ಬೇರುಬಿಟ್ಟ ನಂಬಿಕೆಯ ಚಿಕಿತ್ಸೆ. ದಿನಚರಿಯ ಕೆಲಸ ಬರೀ ಪೂರ್ವಸಿದ್ಧತೆ ಎಂದೇ ಎಣಿಕೆ.

ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ನೀಲ್ ಜೇಕಬ್ಸನ್ ಈ ಮನೆಯನ್ನು ಬಿಚ್ಚಿ ನೋಡಲು ಹೊರಟರು. ಖಿನ್ನತೆಯಿದ್ದ 150 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಪೂರ್ತಿ ಚಿಕಿತ್ಸೆ, ಇನ್ನೊಂದಕ್ಕೆ ಮೊದಲೆರಡು ಭಾಗ, ಮತ್ತೊಂದಕ್ಕೆ ದಿನಚರಿಯ ಬದಲಾವಣೆ ಮಾತ್ರ.

ಕಷ್ಟವಿದ್ದದ್ದು ಈ ಕೊನೆಯ ಗುಂಪಿನಲ್ಲಿ. ಮೂರೂ ಬಗೆಯ ಚಿಕಿತ್ಸೆ ಕೊಟ್ಟವರು ಅದೇ ನಾಲ್ವರು ಅನುಭವಿಗಳು, ಯೋಚನೆ ತಿದ್ದುವುದರಲ್ಲೇ ಪಳಗಿದವರು. ‘ಎದ್ದು ಮಾಡುವುದಾದರೂ ಏನಿದೆ?’ ಎಂಬ ಮಾತು ಬಂದರೆ, ಆ ನಿರಾಶೆಯೊಂದಿಗೆ ವಾದಕ್ಕಿಳಿಯುವಂತಿರಲಿಲ್ಲ. ಆ ದಿನ ಮಾಡಬಹುದಾದ ಚಿಕ್ಕದೊಂದು ಕೆಲಸ ಯಾವುದು ಎಂದಷ್ಟೇ ಹುಡುಕಬೇಕಿತ್ತು. ದೊಡ್ಡ ಕೆಲಸವನ್ನು ಚೂರು ಚೂರು ಮಾಡಿ, ಯಾವ ಹೊತ್ತಿನಲ್ಲಿ ಏನು ಮಾಡಿದಾಗ ಮನಸ್ಸು ಹೇಗಿತ್ತೆಂದು ಬರೆಸಬೇಕಿತ್ತು. ಕೈಯಲ್ಲಿದ್ದ ಅತ್ಯುತ್ತಮ ಉಪಕರಣವನ್ನು ಮುಟ್ಟದೆ ದುಡಿಯುವ ಆ ಸಂಯಮವೇ ಈ ಕತೆಯ ನಿಜವಾದ ಸಾಹಸ.

ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಮೂರು ಗುಂಪುಗಳೂ ಸಮಸಮ! ಆರು ತಿಂಗಳ ಮೇಲೂ ಅಷ್ಟೇ, ಮುಂದೆ ಪ್ರಕಟವಾದ ಲೆಕ್ಕದಂತೆ ಎರಡು ವರ್ಷದ ಮೇಲೂ ಅಷ್ಟೇ. ಚಿಕಿತ್ಸಕರ ಒಲವು ಪೂರ್ತಿ ಚಿಕಿತ್ಸೆಯ ಕಡೆಗಿದ್ದರೂ ಮೇಲಿನ ಅಂತಸ್ತುಗಳಿಂದ ಹೆಚ್ಚಿನ ಲಾಭ ಕಾಣಲಿಲ್ಲ.

ಒಂದು ಪ್ರಯೋಗವನ್ನು ನೆಚ್ಚಿ ಕೂರುವಂತಿರಲಿಲ್ಲ. ಜೇಕಬ್ಸನ್ ಇನ್ನೂ ಕಠಿಣವಾದ ಪರೀಕ್ಷೆ ಹೂಡಿದರು. ಈ ಬಾರಿ ಎದುರಿಗೆ ಪ್ಯಾರಾಕ್ಸಿಟೀನ್ ಎಂಬ ಖಿನ್ನತೆಯ ಮಾತ್ರೆಯೂ ಇತ್ತು. ಅದು ಮುಗಿಯುವ ಮೊದಲೇ, 1999ರಲ್ಲಿ, ಅವರು ಹೃದಯಾಘಾತದಿಂದ ತೀರಿಕೊಂಡರು. ಸೋನಾ ದಿಮಿಜಿಯನ್, ಕ್ರಿಸ್ಟೊಫರ್ ಮಾರ್ಟೆಲ್, ಕೀತ್ ಡಾಬ್ಸನ್ ಮೊದಲಾದ ಸಹೋದ್ಯೋಗಿಗಳು ಕೆಲಸ ಕೈಬಿಡಲಿಲ್ಲ. 2006ರಲ್ಲಿ 241 ಮಂದಿಯ ಲೆಕ್ಕ ಹೊರಬಂತು. ಖಿನ್ನತೆ ತೀವ್ರವಾಗಿದ್ದವರಲ್ಲಿ ದಿನಚರಿಯ ಚಿಕಿತ್ಸೆ ಮಾತ್ರೆಗೆ ಸರಿಸಾಟಿಯಾಗಿತ್ತು. ಯೋಚನೆ ತಿದ್ದುವ ಚಿಕಿತ್ಸೆ ಎರಡಕ್ಕಿಂತ ಹಿಂದುಳಿದಿತ್ತು. ಪೂರ್ವಸಿದ್ಧತೆ ಎನಿಸಿಕೊಂಡಿದ್ದ ಭಾಗ ‘ಬಿಹೇವಿಯರಲ್ ಆಕ್ಟಿವೇಶನ್’ ಎಂಬ ಹೆಸರಿನಲ್ಲಿ ಸ್ವತಂತ್ರ ಚಿಕಿತ್ಸೆಯಾಯಿತು.

ಮುಂದೆ ಅದು ನಮ್ಮ ನೆರೆಯ ಗೋವಾಕ್ಕೂ ಬಂತು. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅಲ್ಲಿನ ‘ಸಂಗಾತ್’ ಸಂಸ್ಥೆಯವರು ದಿಮಿಜಿಯನ್ ಜೊತೆಗೂಡಿ ಆರರಿಂದ ಎಂಟು ಭೇಟಿಗಳ ಕಾರ್ಯಕ್ರಮ ರೂಪಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದನ್ನು ನಡೆಸಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯರು. ಎಂದಿನ ಆರೈಕೆಯೊಂದಿಗೆ ಇದೂ ಸೇರಿದಾಗ ಹೆಚ್ಚು ಮಂದಿ ಚೇತರಿಸಿಕೊಂಡರೆಂದು 2016ರ ಕೊನೆಗೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು.

ಸಂಶೋಧಕರು ಕೊಟ್ಟ ವಿವರಣೆ ಚಿಕ್ಕದು. ಮುಸುಕೆಳೆದು ಮಲಗಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ, ಆ ಹಾಯೇ ಮರುದಿನವೂ ಮಲಗಿಸುತ್ತದೆ. ಹಾಗೆ ತಪ್ಪಿಸಿಕೊಂಡಷ್ಟೂ ಬದುಕಿನಲ್ಲಿ ಸಂತೋಷ ಸಿಗುವ ಸಂದರ್ಭಗಳು ಕಡಿಮೆಯಾಗಿ, ಮನಸ್ಸು ಮತ್ತಷ್ಟು ಕುಗ್ಗುತ್ತದೆ. ಹುಮ್ಮಸ್ಸು ಬರಲೆಂದು ಕಾಯದೆ, ಗೊತ್ತುಮಾಡಿಕೊಂಡ ಹೊತ್ತಿಗೆ ಗೊತ್ತುಮಾಡಿಕೊಂಡ ಸಣ್ಣ ಕೆಲಸವನ್ನು ದಿನವೂ ಮಾಡುತ್ತ ಬಂದಾಗ ಆ ಸಂದರ್ಭಗಳು ಒಂದೊಂದಾಗಿ ಮರಳುತ್ತವೆ, ಹುಮ್ಮಸ್ಸು ಆಮೇಲೆ ಹಿಂದಿನಿಂದ ಬರುತ್ತದೆ.